ಬಿಸಿಲೂರಿಗೆ ಬೀಳುವ ಹಿಮ

ವಿಜಯಪುರದಿಂದ ಕೊಲ್ಹಾರದ ಕಡೆಗೆ ಹೆದ್ದಾರಿ ಹಿಡಿದು ಹೊರಟವರಿಗೆ ದಾರಿಯ ನಡುವೆ ಮುಳವಾಡ ಸಿಗುತ್ತದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆ ನೆಲದ ಬಯಲು. ಅಲ್ಲೊಂದು ಇಲ್ಲೊಂದು ಬೇವು, ಜಾಲಿ. ಗದಗ–ಹೋಟಗಿ ರೈಲು ಮಾರ್ಗದಲ್ಲಿ ಊರಿನ ಹೆಸರಿನದೇ ಒಂದು ನಿಲ್ದಾಣ. ಆಲಮಟ್ಟಿ ಜಲಾಶಯದ ಹಿನ್ನೀರನ್ನು ಮೇಲೆತ್ತಿ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಹೊಲಗಳಿಗೆ ಒಯ್ಯುವ ಏತ ನೀರಾವರಿ ಯೋಜನೆಗೂ ಇದೇ ಊರಿನ ಹೆಸರು. ಹೊರಗಿನವರು ಮುಳವಾಡವನ್ನು ಬಲ್ಲದ್ದು ಹೆಚ್ಚಾಗಿ ಆ ಯೋಜನೆಯಿಂದಲೇ.

ಇಂಥ ಬಯಲಿನಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಬೀಳುತ್ತದೆ ಎಂದರೆ ದೂರದವರು ನಕ್ಕಾರು. ಡಿಸೆಂಬರ್–ಜನವರಿಯ ಚಳಿ ಇಲ್ಲಿಯೂ ಮೈ ನಡುಗಿಸುತ್ತದೆ, ಆದರೆ ಹಿಮ ಬೀಳುವುದಿಲ್ಲ. ರಸ್ತೆ ಬೆಳ್ಳಗಾಗಿ ಬೈಕಿನ ಗಾಲಿ ಜಾರುವ ದಿನ ಬರುವುದು ಸುಡು ಬೇಸಿಗೆಯಲ್ಲಿ. ಆಲಿಕಲ್ಲು ಎಂದು ಪುಸ್ತಕದಲ್ಲಿ ಬರೆಯುವುದನ್ನು ಈ ಭಾಗದ ಜನ ಆಣಿಕಲ್ಲು ಎನ್ನುತ್ತಾರೆ. ಮಾರ್ಚಿಯಿಂದ ಮೇ ತಿಂಗಳವರೆಗಿನ ಅಡ್ಡಮಳೆಯ ಜೊತೆಗೆ ಅದು ಬರುತ್ತದೆ.

ಉರಿಬಿಸಿಲಿನಲ್ಲಿ ಹಿಮಗಡ್ಡೆ ಎಲ್ಲಿಂದ? ಕಾರಣ ಆ ಬಿಸಿಲೇ. ಮರವಿಲ್ಲದ ನೆಲ ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತಾಗುತ್ತದೆ. ಮೇಲಿನ ಗಾಳಿಯಲ್ಲಿ ತೇವ ಸೇರಿದ ದಿನ, ಕಾದ ಗಾಳಿ ರಭಸದಿಂದ ಮೇಲೇರಿ ಹತ್ತು ಕಿಲೋಮೀಟರಿಗೂ ಎತ್ತರದ ಮೋಡವಾಗಿ ನಿಲ್ಲುತ್ತದೆ. ಸುಮಾರು ಐದು ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗೆ ಇಳಿದಿರುತ್ತದೆ. ಅದಕ್ಕೂ ಮೇಲೆ ಹೋದ ಹನಿ ಹೆಪ್ಪುಗಟ್ಟುತ್ತದೆ. ಮೇಲೇರುವ ಗಾಳಿ ಅದನ್ನು ಬೀಳಗೊಡದೆ ಹಿಡಿದಿಟ್ಟಷ್ಟು ಹೊತ್ತೂ ನೀರಹನಿಗಳು ಅಂಟಿಕೊಂಡು ಗಡ್ಡೆ ಬೆಳೆಯುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ನೆಲಕ್ಕೆ ಬೀಳುತ್ತದೆ. ದೊಡ್ಡದೊಂದು ಆಣಿಕಲ್ಲನ್ನು ಎರಡು ಹೋಳು ಮಾಡಿ ನೋಡಿದರೆ ಈರುಳ್ಳಿಯಂತೆ ಪದರಗಳು ಕಾಣುತ್ತವೆ: ಒಂದು ಪಾರದರ್ಶಕ, ಇನ್ನೊಂದು ಹಾಲುಬಿಳುಪು. ಅದು ಮೋಡದೊಳಗೆ ಬೆಳೆದ ಬಗೆಯ ಗುರುತು ಅದು.

ಲಿಂಬೆಯಷ್ಟು ದಪ್ಪನೆಯ ಗಡ್ಡೆ ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿ ಬೀಳಬಲ್ಲದು. 1888ರ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಬಿದ್ದ ಆಲಿಕಲ್ಲು 246 ಜನರನ್ನು ಬಲಿ ತೆಗೆದುಕೊಂಡಿತು. ವಿಜಯಪುರ ಜಿಲ್ಲೆಯ ಜನ ನೆನೆಯುವುದು 2014ರ ಮಾರ್ಚಿಯನ್ನು. ಆಗ ಜಿಲ್ಲೆಯ ಹೆಸರು ಇನ್ನೂ ಬಿಜಾಪುರವೇ. ಮಹಾರಾಷ್ಟ್ರದ ಬಹುಭಾಗವನ್ನು ದಿನಗಟ್ಟಲೆ ಬಡಿದ ಆಣಿಕಲ್ಲು ಮಳೆ ಉತ್ತರ ಕರ್ನಾಟಕವನ್ನೂ ಬಿಡಲಿಲ್ಲ. ದ್ರಾಕ್ಷಿ ಕೊಯ್ಲಿನ, ಒಣದ್ರಾಕ್ಷಿ ಮಾಡುವ ಕಾಲವದು. ವರ್ಷವಿಡೀ ದುಡಿದ ಫಲ ನಿಮಿಷಗಳಲ್ಲಿ ನೆಲ ಕಂಡಿತು.

ಬೆಳೆಯನ್ನು ಎತ್ತಿ ಒಳಗಿಡಲಾಗದು, ಮಕ್ಕಳನ್ನು ಇಡಬಹುದು. ಮುಖ್ಯವಾದ ಮಾತು ಇದೇ. ಈ ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನ ಇಳಿದ ಮೇಲೆ, ಸಂಜೆಯೊಳಗೆ. ಅಂದರೆ ಶಾಲೆಯ ಗಂಟೆ ಬಾರಿಸಿ ಮಕ್ಕಳು ದಾರಿಯಲ್ಲಿರುವ ಹೊತ್ತಿಗೆ. ಮಾರ್ಚಿ–ಏಪ್ರಿಲ್ ಎಂದರೆ ಪರೀಕ್ಷೆಯ ದಿನಗಳೂ ಹೌದು. ಆಕಾಶ ಕಪ್ಪಾದುದನ್ನು ಕಂಡ ತಂದೆ ಮಗಳನ್ನು ಕರೆತರಲು ಬೈಕ್ ಏರಿ ಹೊರಡುತ್ತಾನೆ. ಅಪಾಯವಿರುವುದು ಅಲ್ಲಿಯೇ. ಗಟ್ಟಿ ಛಾವಣಿಯ ಕೆಳಗಿದ್ದ ಮಗು ಬಯಲಿಗೆ ಬರುತ್ತದೆ. ಒಬ್ಬರಿಗಿದ್ದ ಅಪಾಯ ಇಬ್ಬರಿಗಾಗುತ್ತದೆ. ಡಾಂಬರಿನ ಮೇಲೆ ಹರಡಿದ ಆಣಿಕಲ್ಲು ಗಾಲಿಯ ಕೆಳಗೆ ಗೋಲಿಯಂತೆ ಉರುಳುತ್ತದೆ. ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದರೆ ನೆನೆದ ಎರೆಮಣ್ಣು ಬೆಣ್ಣೆಯಂತೆ ಜಾರುತ್ತದೆ. ಆಸರೆಗೆಂದು ಒಂಟಿ ಬೇವಿನ ಕೆಳಗೆ ನಿಂತರೆ ಸಿಡಿಲಿನ ಭಯ.

ಬಯಲುಸೀಮೆಗೆ ಒಂದು ಅನುಕೂಲವಿದೆ: ಇಲ್ಲಿ ಮಳೆ ದೂರದಿಂದಲೇ ಕಾಣುತ್ತದೆ. ಗಾಳಿ ಆಡದೆ ಮೈಯೆಲ್ಲ ಬೆವರುವುದು, ದಿಗಂತದಲ್ಲಿ ಹೂಕೋಸಿನಂತೆ ಮೋಡ ಉಬ್ಬುವುದು, ಅದರ ತಲೆ ಬಡಗಿಯ ಹಲಗೆಯಂತೆ ಚಪ್ಪಟೆಯಾಗುವುದು, ಆಮೇಲೆ ಧೂಳೆಬ್ಬಿಸಿ ಬರುವ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ. ತಣ್ಣನೆಯ ಗಾಳಿ ಬೀಸಿತೆಂದರೆ ಇನ್ನು ಹೆಚ್ಚು ಹೊತ್ತಿಲ್ಲ. ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರವಿದೆ ಎಂಬುದು ತಿಳಿಯುತ್ತದೆ. ಎಣಿಕೆ ಮೂವತ್ತು ಮುಟ್ಟುವ ಮೊದಲೇ ಗುಡುಗಿದರೆ ಒಳಗಿರಬೇಕು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆದ ಮೇಲೆ ಹೊರಡಬೇಕು. ಐದನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕವಿದು.

ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಮುನ್ನೆಚ್ಚರಿಕೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಸುಳಿವು ನೀಡುತ್ತದೆ. ಆದರೆ ಆಣಿಕಲ್ಲು ಒಂದು ಊರಿಗೆ ಬಿದ್ದು ಪಕ್ಕದ ಊರನ್ನು ಬಿಡುವಂಥದು. ಇಂಥ ಊರಿಗೇ ಎಂದು ಹಿಂದಿನ ದಿನ ಹೇಳಲು ಬರುವುದಿಲ್ಲ. ಅದಕ್ಕೇ ಬೇಸಿಗೆ ಶುರುವಾಗುವ ಮೊದಲೇ ಮನೆಯಲ್ಲಿ ಒಂದು ಮಾತು ಆಗಿರಬೇಕು: ಮೋಡ ಕವಿದ ದಿನ ಮಗು ಶಾಲೆಯಲ್ಲೇ ಉಳಿಯುತ್ತದೆ, ಮಳೆ ನಿಂತ ಮೇಲೆ ಹಿರಿಯರು ಬರುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದರೆ ಪಾಟಿಚೀಲವನ್ನು ತಲೆಯ ಮೇಲೆ ಹಿಡಿದು ಹತ್ತಿರದ ಗಟ್ಟಿ ಮನೆ ಸೇರಬೇಕು.

ಆಣಿಕಲ್ಲು ಬೀಳುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ಮಳೆ ನಿಂತೊಡನೆ ಮಕ್ಕಳು ಬೋಗುಣಿ ಹಿಡಿದು ಅಂಗಳಕ್ಕೆ ಓಡುತ್ತಾರೆ, ದೊಡ್ಡವರು ಹೊಲದ ಕಡೆ ನಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ರಸ್ತೆಯ ಬಿಳುಪು ಕರಗಿ, ಕಾದ ಡಾಂಬರಿನಿಂದ ಹಬೆ ಏಳುತ್ತದೆ. ಬೈಕ್ ಹೊರತೆಗೆಯಲು ಹೊತ್ತು ಅದು.