ಕಮಾನಿನ ಕೆಳಗೆ ಹೇಮಾವತಿ

ಬೆಂಗಳೂರಿನ ವಿಜಯನಗರದಿಂದ ನಸುಕಿನಲ್ಲೇ ಹೊರಟು ಹಾಸನ ದಾಟಿ ಬಂದಿದ್ದೀರಿ. ಆಗಸ್ಟ್ ತಿಂಗಳು. ಸಕಲೇಶಪುರದ ಕಡೆ ಮಳೆ ಹಿಡಿದು ಕೂತಿದೆ. ಎದುರಿಗೆ ಹೇಮಾವತಿಯ ಕೆಂಪು ಹಿನ್ನೀರು. ಅದರ ನಡುವೆ ಎದೆಮಟ್ಟ ಮುಳುಗಿ ನಿಂತಿದೆ ಶೆಟ್ಟಿಹಳ್ಳಿಯ ರೋಸರಿ ಚರ್ಚು.

ಕಾಲಿಟ್ಟ ಕೂಡಲೇ ತೆಪ್ಪ ಒಂದು ಕಡೆ ವಾಲುತ್ತದೆ. "ನಡುಮಧ್ಯ ಕೂತ್ಕಳಿ, ಅಳ್ಳಾಡ್‌ಬ್ಯಾಡಿ," ಎನ್ನುತ್ತಾನೆ ಹುಟ್ಟು ಹಾಕುವವನು. ಕೂರುತ್ತೀರಿ. ತಳದ ಬಿದಿರಿನಡಿ ನೀರು ಉಬ್ಬಿ ಇಳಿಯುವುದು ಅಂಗಾಲಿಗೆ ತಿಳಿಯುತ್ತದೆ. ಮೀನಿನ ವಾಸನೆ, ಕೊಳೆತ ಹುಲ್ಲಿನ ವಾಸನೆ.

ನಿಮ್ಮ ಕೆಳಗೆ ಒಂದು ಊರಿತ್ತು. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದು ನೀರು ನಿಂತಿತು. ಜನ ಮನೆ, ಹೊಲ ಬಿಟ್ಟು ಎದ್ದರು. ದನ ಹೊಡೆದುಕೊಂಡು ಹೋಗಬಹುದು, ಪಾತ್ರೆಪಗಡೆ ಹೊತ್ತುಕೊಂಡು ಹೋಗಬಹುದು. ದೇವಾಲಯವನ್ನು ಎತ್ತುವುದು ಹೇಗೆ? ಅದು ಇಲ್ಲೇ ಉಳಿಯಿತು.

"ಕೋಳಿಮೊಟ್ಟೆ, ಬೆಲ್ಲ ಹಾಕಿ ಅರೆದ ಗಾರೆಯಂತೆ. ಅದುಕ್ಕೇ ನಿಂತೈತೆ," ಎನ್ನುತ್ತಾನೆ ತೆಪ್ಪದವನು. ಜನರ ಬಾಯಲ್ಲಿ ಇನ್ನೊಂದು ಕಥೆಯಿದೆ: ಇದನ್ನು ಕಟ್ಟಿಸಿದವರು ಅಬ್ಬೆ ದುಬೋಯಿ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಕಾವಿ ತೊಟ್ಟು, ಜನರಿಂದ ದೊಡ್ಡಸ್ವಾಮಿ ಎನಿಸಿಕೊಂಡ ಫ್ರೆಂಚ್ ಪಾದ್ರಿ. ಆದರೆ ಅವರು 1823ರಲ್ಲೇ ಫ್ರಾನ್ಸಿಗೆ ಮರಳಿದರು. ನಿಮ್ಮ ಕಣ್ಣೆದುರಿನ ಕಟ್ಟಡ ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳದು, 1860ರ ಸುಮಾರಿನದು.

ಗೋಡೆ ಹತ್ತಿರವಾಗುತ್ತದೆ. "ಒಳಿಕ್ಕೆ ಹೋಗಾಣ್ವಾ?" ಕಮಾನು ತೀರಾ ತಗ್ಗಿನಲ್ಲಿದೆ. ಅದರ ನೆತ್ತಿಯಿಂದ ಕೆಳಗೊಂದು ಬಿರುಕು ಇಳಿದಿದೆ. ಬೇಡ ಎನ್ನಲು ಬಾಯಿ ತೆರೆಯುತ್ತೀರಿ. ಹೂಂ ಎಂದುಬಿಡುತ್ತೀರಿ.

ಒಳಗೆ ಗಾಳಿಯೇ ಇಲ್ಲ. ಚಾವಣಿ ಎಂದೋ ಹೋಗಿದೆ. ಒದ್ದೆ ಸುಣ್ಣದ ತಂಪು, ಹಕ್ಕಿ ಹಿಕ್ಕೆಯ ಘಾಟು. ಜನ ಮೊಣಕಾಲೂರಿದ್ದ ನೆಲ ನಿಮಗಿಂತ ಎಷ್ಟೋ ಆಳದಲ್ಲಿದೆ. ಬಲಿಪೀಠವಿದ್ದ ಕಡೆ ದುಂಡು ಗೋಡೆಯೊಂದು ನಿಂತಿದೆ. ನೀವು ಕೆಮ್ಮಿದರೆ ಅದು ತಿರುಗಿ ಕೆಮ್ಮುತ್ತದೆ.

ಒಮ್ಮೆಗೇ ಗಾಳಿ ಏಳುತ್ತದೆ. ಅಲೆ ನುಗ್ಗುತ್ತದೆ. ತೆಪ್ಪ ಬುಗುರಿಯಂತೆ ಗಿರ್ರನೆ ತಿರುಗುತ್ತದೆ. ಹುಟ್ಟು ಕಂಬಕ್ಕೆ ಬಡಿಯುತ್ತದೆ. ಗೋಡೆ ಮೈಮೇಲೆ ಬರುತ್ತಿದೆ. ಆತುಕೊಳ್ಳಲು ಕೈ ತಾನಾಗಿ ಚಾಚುತ್ತದೆ. "ಮುಟ್‌ಬ್ಯಾಡಿ!" ಕೈ ಹಿಂದಕ್ಕೆ. ಮೇಲೆ ಏನೋ ಕಳಚುತ್ತದೆ. ದುಡುಂ! ಮುಖಕ್ಕೆ ನೀರು. ಮಾರುದ್ದ ದೂರದಲ್ಲಿ ಇಟ್ಟಿಗೆ ಬಿದ್ದ ಜಾಗ ಗುಳುಗುಳು ಎನ್ನುತ್ತಿದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಲ್ಲಿ ಮಣ್ಣಿನ ರುಚಿ. ತೆಪ್ಪದವನು ಮಾತಿಲ್ಲದೆ ಹುಟ್ಟು ಎಳೆದೆಳೆದು ನಿಮ್ಮನ್ನು ಬಯಲಿಗೆ ತರುತ್ತಾನೆ.

ಮಳೆಗಾಲಕ್ಕೆ ನೆನೆಯುವುದು, ಬೇಸಿಗೆಗೆ ಒಣಗುವುದು: ಈ ಗೋಡೆಗಳ ಬದುಕು ಇಷ್ಟೇ ಆಗಿದೆ. ಪ್ರತಿ ಸಲವೂ ಗಾರೆ ಒಂದಿಷ್ಟು ಸಡಿಲಾಗುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ನಡೆದೇ ಬಂದು ಇದೇ ಗೋಡೆ ಹತ್ತಿ ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಅವರಲ್ಲಿ ಬೆಂಗಳೂರಿನವರೂ ಇರುತ್ತಾರೆ.

ಹೇಮಾವತಿ ಮುಂದೆ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಕಾವೇರಿಯೇ ನಮ್ಮ ವಿಜಯನಗರ, ರಾಜಾಜಿನಗರದ ನಲ್ಲಿಗಳಲ್ಲಿ ಬರುವುದು. ಶೆಟ್ಟಿಹಳ್ಳಿ ನಮಗೆ ಬೇರೆ ಊರಲ್ಲ. ಬನ್ನಿ, ನೋಡಿ. ಗೋಡೆ ಮಾತ್ರ ಹತ್ತಬೇಡಿ.