ಜಗಲಿ ಕೇಳಿದವರು

ಬೆಳಿಗ್ಗೆ ಬೇಗ ಬಾ, ಸಾಮಾನು ಹೇರುವುದಿದೆ ಅಂತ ಆಫೀಸಿನ ಗೆಳೆಯ ಹೇಳಿದ್ದ. ಊರು ಒಲಿಂಪಿಯಾ, ಅಮೆರಿಕದ ವಾಷಿಂಗ್ಟನ್ ರಾಜ್ಯದ ರಾಜಧಾನಿ. ನಾನಾಗ ಅಲ್ಲಿ ಸರ್ಕಾರಿ ಇಲಾಖೆಯೊಂದಕ್ಕೆ ಕಾಂಟ್ರ್ಯಾಕ್ಟಿನ ಮೇಲೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಗೆಳೆಯನ ಚರ್ಚಿನ ಹಿಂದಿನ ಬಯಲಲ್ಲಿ ಗುಡಾರ ಹಾಕಿಕೊಂಡಿದ್ದ ಜನ ಅವತ್ತು ಜಾಗ ಖಾಲಿ ಮಾಡಬೇಕಿತ್ತು. ಯಾರೂ ಓಡಿಸುತ್ತಿರಲಿಲ್ಲ, ಜಗಳವೂ ಆಗಿರಲಿಲ್ಲ. ತೊಂಬತ್ತು ದಿನ ಮುಗಿದಿತ್ತು, ಅಷ್ಟೇ.

ನಮ್ಮೂರಿಗೆ ಹೋದಾಗ ಬಚ್ಚಲೊಲೆಯ ಮುಂದೆ ಕೂತರೆ ಚಿಕ್ಕಮ್ಮ ಈಗಲೂ ಇದನ್ನೇ ಹೇಳಿಸುತ್ತಾಳೆ. ಹಂಡೆಯಡಿಗೆ ಅಡಿಕೆ ಸಿಪ್ಪೆ ತಳ್ಳುತ್ತಾ ಪ್ರತಿ ಸಲವೂ ಇಲ್ಲೇ ತಡೆಯುತ್ತಾಳೆ: “ಅಲ್ಲ ಮಾರಾಯ, ಜಾಗದ ಯಜಮಾನರೇ ಇರಿ ಅಂದ ಮೇಲೆ ತೊಂಬತ್ತು ದಿನದ ಲೆಕ್ಕ ಯಾರದ್ದು?”

ಲೆಕ್ಕ ನಗರಸಭೆಯದ್ದು. ಒಲಿಂಪಿಯಾದ ಪೇಟೆಯಲ್ಲಿ ಫುಟ್‌ಪಾತಿನ ಮೇಲೆ ಕೂರುವುದನ್ನು, ಮಲಗುವುದನ್ನು ತಡೆಯುವ ಕಟ್ಟಳೆಯೊಂದು ಬಂತು. ಅದನ್ನು ಪ್ರತಿಭಟಿಸಿ 2007ರ ಫೆಬ್ರವರಿ ಮೊದಲಲ್ಲಿ ಮನೆಯಿಲ್ಲದವರು ಪೇಟೆ ಮಧ್ಯದ ನಗರಸಭೆಯ ಜಾಗದಲ್ಲೇ ಗುಡಾರ ಎಬ್ಬಿಸಿದರು. ಗಾಳಿಯಂತ್ರದ ಮೇಲೆ ಯುದ್ಧಕ್ಕೆ ಹೋದ ಸ್ಪೇನಿನ ಕಥಾನಾಯಕನ ಹೆಸರಿನಲ್ಲಿ ಅದು ‘ಕ್ಯಾಂಪ್ ಕಿಹೋಟಿ’ ಆಯಿತು. ಮುಂದೆ ಅವರ ಬೆನ್ನಿಗೆ ನಿಂತ ಸಂಸ್ಥೆ ಅವನ ಬಂಟನ ಹೆಸರನ್ನೇ ಇಟ್ಟುಕೊಂಡಿತು, ‘ಪಾಂಜಾ’ ಅಂತ. ವಾರದೊಳಗೆ ಪೊಲೀಸರು ಎಬ್ಬಿಸಲು ಸಿದ್ಧರಾದಾಗ ಊರಿನ ಯುನಿಟೇರಿಯನ್ ಚರ್ಚಿನವರು ನಮ್ಮ ಅಂಗಳಕ್ಕೆ ಬನ್ನಿ ಎಂದು ಕರೆದರು. ಆಮೇಲೆ ನಗರಸಭೆಯೂ ಒಪ್ಪಿತು, ಆದರೆ ಒಂದು ಗಡುವು ಹಾಕಿ: ಒಂದು ಚರ್ಚಿನಲ್ಲಿ ತೊಂಬತ್ತು ದಿನ, ಅಷ್ಟರಲ್ಲಿ ಮುಂದಿನ ಚರ್ಚಿಗೆ. ಎಷ್ಟೋ ಕಾಲದ ಮೇಲೆ ಅದು ನೂರೆಂಬತ್ತು ದಿನವಾಯಿತು. ಹೀಗೆ ಸುಮಾರು ಏಳು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಅವರು ಊರೊಳಗೇ ಗುಳೆ ಹೋದರು.

ಆ ಗುಳೆಗಳಲ್ಲೊಂದಕ್ಕೆ ನಾನು ಹೆಗಲು ಕೊಟ್ಟದ್ದು. ಒಲಿಂಪಿಯಾದ ಮಳೆ ನಮ್ಮ ಆಗುಂಬೆಯದರ ಹಾಗೆ ರಪರಪ ಹೊಡೆಯುವುದಿಲ್ಲ. ದಿನವಿಡೀ ಜಿನುಗುತ್ತಲೇ ಇರುತ್ತದೆ. ನೆಲದ ತಂಪು ಏರದಿರಲೆಂದು ಗುಡಾರದಡಿಗೆ ಮರದ ಪ್ಯಾಲೆಟ್ ಹಾಸಿಕೊಂಡಿದ್ದರು. ನೀರು ಕುಡಿದು ಕುಡಿದು ಅವು ಇಬ್ಬರು ಎತ್ತುವಷ್ಟು ಭಾರವಾಗಿದ್ದವು. ಟಾರ್ಪಾಲು ಮಡಿಸಿದರೆ ಮಡಿಕೆಯಿಂದ ನೀರು ತೋಳಿನೊಳಕ್ಕೇ ಇಳಿಯುತ್ತಿತ್ತು. ಅಡುಗೆ ಗುಡಾರವನ್ನು ಕೊನೆಗೆ ಬಿಚ್ಚುವುದು, ಹೊಸ ಜಾಗದಲ್ಲಿ ಮೊದಲು ಕಟ್ಟುವುದು ರೂಢಿ. ಯಾರು ಏನು ಎತ್ತಬೇಕು, ಯಾವ ಲಾರಿ ಮೊದಲು ಹೊರಡಬೇಕು ಅನ್ನುವುದನ್ನೆಲ್ಲ ಅವರೇ ಆರಿಸಿಕೊಂಡ ಮುಖಂಡ ಹೇಳುತ್ತಿದ್ದ. ಚರ್ಚಿನವರು ಅವನು ಹೇಳಿದಂತೆ ಕೇಳುತ್ತಿದ್ದರು. ನಡುವಯಸ್ಸಿನ ಹೆಂಗಸೊಬ್ಬಳು ಕುಂಡದಲ್ಲಿದ್ದ ಗಿಡವೊಂದನ್ನು ನನ್ನ ಕೈಗಿತ್ತು, “ಜೋಪಾನ, ಇದು ನಾಲ್ಕು ಚರ್ಚು ನೋಡಿದೆ” ಅಂದಳು. ವೀಸಾ ಕಾಗದ ಹಿಡಿದು ದಿನ ಎಣಿಸುವುದು ನನಗೂ ಗೊತ್ತಿದ್ದದ್ದೇ. ಆದರೆ ನನ್ನ ಹಾಸಿಗೆ ಯಾವತ್ತೂ ಒದ್ದೆಯಾಗಿರಲಿಲ್ಲ.

“ದೇವಸ್ಥಾನದ ಅಂಗಳಕ್ಕೂ ಸರ್ಕಾರದ ಅಪ್ಪಣೆ ಬೇಕಾ?” ಚಿಕ್ಕಮ್ಮನ ಎರಡನೇ ತಕರಾರು.

ಇದೇ ಪ್ರಶ್ನೆ ಅಲ್ಲಿನ ಕೋರ್ಟಿಗೂ ಹೋಗಿತ್ತು. ಸಿಯಾಟಲ್ ಹತ್ತಿರದ ವುಡಿನ್‌ವಿಲ್ ಎಂಬ ಊರಿನಲ್ಲಿ ಒಂದು ಚರ್ಚು ಗುಡಾರದವರನ್ನು ಇಟ್ಟುಕೊಳ್ಳುತ್ತೇವೆ ಅಂದಾಗ ನಗರಾಡಳಿತ ಅರ್ಜಿಯನ್ನೇ ಪರಿಗಣಿಸಲಿಲ್ಲ. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದು ಧಾರ್ಮಿಕ ಸ್ವಾತಂತ್ರ್ಯಕ್ಕೆ ಅಡ್ಡಿ ಅಂದಿತು. ಮರುವರ್ಷ ಶಾಸನಸಭೆ ಒಂದು ಕಾನೂನೇ ಮಾಡಿತು: ಧಾರ್ಮಿಕ ಸಂಸ್ಥೆಗಳು ತಮ್ಮ ಜಾಗದಲ್ಲಿ ಮನೆಯಿಲ್ಲದವರಿಗೆ ಆಸರೆ ಕೊಟ್ಟರೆ, ಆರೋಗ್ಯ ಮತ್ತು ಸುರಕ್ಷತೆಗೆ ಬೇಕಾದ್ದನ್ನು ಬಿಟ್ಟು ಬೇರೆ ಕೊಕ್ಕೆಗಳನ್ನು ಸ್ಥಳೀಯ ಆಡಳಿತ ಹಾಕುವಂತಿಲ್ಲ. ಒಳ್ಳೆಯ ಕಾನೂನೇ. ಆದರೂ ಅದು ಗುಡಾರವನ್ನು ಉಳಿಸಿತೇ ಹೊರತು ಗುಡಾರದಿಂದ ಬಿಡಿಸಲಿಲ್ಲ.

ಬಿಡಿಸಲು ಬೇಕಾದದ್ದು ನೆಲ. ಕೊನೆಗೆ ಥರ್ಸ್ಟನ್ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, 2.17 ಎಕರೆ ಕೊಟ್ಟಿತು. ವರ್ಷಕ್ಕೆ ಒಂದು ಡಾಲರ್ ಬಾಡಿಗೆ, 41 ವರ್ಷದ ಗುತ್ತಿಗೆ. ಜಾಗ ಇದ್ದದ್ದು ಗೋದಾಮು, ವರ್ಕ್‌ಶಾಪುಗಳ ಕೈಗಾರಿಕಾ ವಲಯದಲ್ಲಿ. ಅಲ್ಲಿ ಜನ ವಾಸ ಮಾಡಬೇಕೆಂದರೆ ನಗರಸಭೆ ವಲಯದ ನಿಯಮವನ್ನೇ ತಿದ್ದಬೇಕಿತ್ತು. ತಿದ್ದಿತು. ಅಕ್ಕಪಕ್ಕದ ಜಾಗದವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ರಾಜ್ಯ ಬಜೆಟ್ಟಿನದೂ ಸೇರಿ ಒಟ್ಟು ಸುಮಾರು 30 ಲಕ್ಷ ಡಾಲರ್ ಕೂಡಿತು.

ಇಲ್ಲಿಗೆ ಬರುವ ಹೊತ್ತಿಗೆ ಹಂಡೆಯ ನೀರು ಕಾದಿರುತ್ತದೆ, ಯಾರೂ ಏಳುವುದಿಲ್ಲ. ಜಗಲಿಯ ಮಾತು ಬರುವುದು ಈಗ ಅಂತ ಎಲ್ಲರಿಗೂ ಗೊತ್ತು.

ನಕ್ಷೆ ಬರೆಯಲು ಬಂದ ಆರ್ಕಿಟೆಕ್ಟ್ ಗಾರ್ನರ್ ಮಿಲ್ಲರ್ ಮೊದಲು ಗುಡಾರದವರನ್ನೇ ಕೇಳಿದ. ಉದ್ದ ಸಾಲುಮನೆ ಕಟ್ಟಿದರೆ ಖರ್ಚು ಉಳಿಯುತ್ತಿತ್ತು, ಅವರಿಗೆ ಬೇಡವಾಯಿತು. ಚಿಕ್ಕದಾದರೂ ಸರಿ, ಬಿಡಿ ಬಿಡಿ ಮನೆ ಬೇಕು. ನಾಲ್ಕು ನಾಲ್ಕು ಮನೆಯ ಗುಂಪು ಬೇಡ, ಗುಂಪು ಮಾಡಿದರೆ ಗುಂಪುಗಾರಿಕೆ ಹುಟ್ಟುತ್ತದೆ. ಕುದುರೆ ಲಾಳದ ಆಕಾರದಲ್ಲಿ ಎಲ್ಲವೂ ಎದುರುಬದುರು ಇರಲಿ. ಆಮೇಲೆ, ಪ್ರತಿ ಮನೆಗೂ ಮುಂದೊಂದು ಜಗಲಿ ಬೇಕು. ಜಗಲಿಗಾಗಿ ಒಳಗಿನ ಜಾಗ ಕೊಂಚ ಕಡಿಮೆಯಾದರೂ ಅಡ್ಡಿಯಿಲ್ಲ ಅಂದರಂತೆ. ಉಳಿದದ್ದು 144 ಚದರಡಿ, ನಮ್ಮ ಈ ಬಚ್ಚಲುಮನೆಗಿಂತ ಚೂರು ದೊಡ್ಡದು. ಅಷ್ಟರಲ್ಲೇ ಮಂಚ, ಒಂದು ಬೀರು, ಸಿಂಕು, ಕಕ್ಕಸು.

ವರ್ಷಗಟ್ಟಲೆ ಕೆಸರಿನಲ್ಲಿ ಮಲಗಿದವರು ಗೋಡೆಯೊಳಗಿನ ಜಾಗವನ್ನು ಬಿಟ್ಟುಕೊಟ್ಟು ಗೋಡೆ ಹೊರಗಿನ ಜಾಗ ಕೇಳಿದ್ದು ನನಗೆ ಆಗ ಅರ್ಥವಾಗಿರಲಿಲ್ಲ. ಚಿಕ್ಕಮ್ಮನಿಗೆ ವಿವರಿಸಬೇಕಾಗಿಯೇ ಬರಲಿಲ್ಲ. “ಮತ್ತೆ? ಜಗಲಿ ಇಲ್ದಿದ್ರೆ ದಾರೀಲಿ ಹೋಗೋರನ್ನ ಬನ್ನಿ ಕೂತ್ಕೊಳ್ಳಿ ಅನ್ನೋದು ಎಲ್ಲಿಗೆ? ಹಾಸಿಗೆ ಮೇಲೆ ಕೂರ್ಸೋಕ್ಕಾಗುತ್ತಾ?”

2013ರ ಡಿಸೆಂಬರ್ 24ರಂದು ಗೃಹಪ್ರವೇಶ, ಕ್ರಿಸ್‌ಮಸ್ಸಿನ ಹಿಂದಿನ ದಿನ. ಮೂವತ್ತು ಮನೆ, ನಡುವೆ ಸ್ನಾನ, ಅಡುಗೆ, ಬಟ್ಟೆ ಒಗೆಯಲು ಎಲ್ಲರಿಗೂ ಸೇರಿದ ಒಂದು ಕಟ್ಟಡ. ಕ್ಯಾಂಪು ಹೋಗಿ ‘ಕಿಹೋಟಿ ವಿಲೇಜ್’ ಆಯಿತು. ಸಂಪಾದನೆಯ ಶೇಕಡಾ 30 ಬಾಡಿಗೆ; ಸಂಪಾದನೆಯೇ ಇಲ್ಲದವರಿಗೆ ಬಾಡಿಗೆಯೂ ಇಲ್ಲ. ಅವತ್ತೂ ಗೆಳೆಯ ಕರೆದಿದ್ದ, ಹೋಗಿದ್ದೆ. ಹೊರುವ ಸಾಮಾನು ಹೆಚ್ಚೇನಿರಲಿಲ್ಲ. ಟಾರ್ಪಾಲುಗಳನ್ನು ಎಸೆಯೋಣವೇ ಅಂತ ಒಬ್ಬನನ್ನು ಕೇಳಿದರೆ ನಕ್ಕು, ಮಡಿಸಿ ಮಂಚದಡಿಗೆ ತಳ್ಳಿದ. ಮನೆ ಮೇಲೆ ನಂಬಿಕೆ ಬರಲು ಅವನಿಗೆ ಇನ್ನೂ ಸಮಯ ಬೇಕಿತ್ತು. ಅವನನ್ನು ತಪ್ಪೆನ್ನಲಾರೆ.

ಇಷ್ಟೆಲ್ಲ ಆದದ್ದು ಆ ಒಂದೇ ಜಾಗಕ್ಕಾಗಿ ತಿದ್ದಿದ ನಿಯಮಗಳಿಂದ. ರಾಜ್ಯಕ್ಕೆಲ್ಲ ಅನ್ವಯಿಸುವ ಪುಟ್ಟ ಮನೆಗಳ ಕಾನೂನು ಬಂದದ್ದು 2019ರಲ್ಲಿ. ಊರೂರಿನ ನಗರಸಭೆಗಳು ಇಂಥ ಮನೆಗಳ ಸಮುದಾಯಕ್ಕೆ ಒಪ್ಪಿಗೆ ಕೊಡಬಹುದು, ರಾಜ್ಯದ ಕಟ್ಟಡ ಸಂಹಿತೆಯ ಮಂಡಳಿ ಅವಕ್ಕೆಂದೇ ಮಾನದಂಡ ರೂಪಿಸಬೇಕು ಅಂತ ಅದರಲ್ಲಿದೆ. ಪುಟ್ಟ ಮನೆ ಅಂದರೆ ಏನು ಅಂತಲೂ ಬರೆದಿದ್ದಾರೆ: ಇರಲು, ಮಲಗಲು, ಉಣ್ಣಲು, ಅಡುಗೆಗೆ, ಶೌಚಕ್ಕೆ ಕಾಯಂ ವ್ಯವಸ್ಥೆ ಇರಬೇಕು. ಒಲೆಯಿಲ್ಲದ ಆ ಮೂವತ್ತರಲ್ಲಿ ಒಂದೂ ಈ ಅಳತೆಗೆ ಸಿಕ್ಕುವುದಿಲ್ಲ. ಜಗಲಿಯ ಸುದ್ದಿಯಂತೂ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ. ಕಾನೂನು ಬರೆಯುವವರು ಗುಡಾರದವರನ್ನು ಒಂದು ಸಂಜೆ ಕೂರಿಸಿಕೊಂಡು ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಗುಡಾರದವರ ಬೆನ್ನಿಗೆ ನಿಂತಿದ್ದ ಪಾಂಜಾ ಸಂಸ್ಥೆಯೇ ಮುಂದೆ ಆರ್ಟಿಂಗ್ ಎಂಬಲ್ಲಿ ಮಾಜಿ ಸೈನಿಕರಿಗೂ ಇಂಥದ್ದೇ ಊರು ಕಟ್ಟಿತು.

ಕಾನೂನಿನ ಭಾಗ ಚಿಕ್ಕಮ್ಮನಿಗೆ ಬೇಸರ. ಅವಳು ಕಾಯುವುದು ಬೇರೆಯದಕ್ಕೆ.

“ಮೂವತ್ತು ಜನಕ್ಕೆ ಒಂದೇ ಅಡುಗೆಮನೆ ಅಂದ್ಯಲ್ಲ, ಪಾತ್ರೆ ತೊಳೆಯೋರು ಯಾರು?”

ಸರದಿ ಹಾಕಿಕೊಂಡಿದ್ದಾರೆ ಅಂದೆ.

“ಸರದಿ ತಪ್ಪಿಸೋರು?”

ಇದ್ದರು. ವಾರಕ್ಕೊಮ್ಮೆ ಸಭೆ ಸೇರಿ ಅದಕ್ಕೇ ಜಗಳವಾಡುತ್ತಿದ್ದರು.

“ಹಾಗಿದ್ರೆ ಸರಿ,” ಅಂದಳು. “ಮೊದಲು ಯಾರು ಸ್ನಾನಕ್ಕೆ ಹೋಗ್ತೀರೋ ಹೋಗಿ, ನೀರು ಕುದೀತಾ ಇದೆ.”