ಹೆಂಪಿನ ಲೆಕ್ಕ

"ಅಲ್ಲ ಕಣ್ ಮಗ, ಅಷ್ಟು ದೂರ ಹೋಗಿ ಗಾಂಜಾ ಬೆಳೆಯೋರ ಲೆಕ್ಕ ಬರೀತೀಯಾ? ಪೊಲೀಸ್ನೋರು ನಿನ್ನೂ ಹಿಡ್ಕಂಡು ಹೋದ್ರೆ ಏನ್ ಗತಿ?"

2019ರ ಬೇಸಿಗೆಯಲ್ಲಿ ಮಂಡ್ಯದ ನಮ್ಮ ಹಳ್ಳಿಯಿಂದ ಅವ್ವ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಬಿ.ಕಾಂ., ಸಿ.ಎ. ಮಾಡಿಕೊಂಡು ಅಮೆರಿಕಕ್ಕೆ ಬಂದವನು ನಾನು. ಇಲ್ಲಿ ಮತ್ತೆ ಸಿಪಿಎ ಪರೀಕ್ಷೆ ಬರೆದು, ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನ ಒಂದು ಸಣ್ಣ ಆಫೀಸಿನಲ್ಲಿ ರೈತರ, ಕುದುರೆ ಸಾಕುವವರ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಆ ವರ್ಷ ಬಂದ ಹೊಸ ಬೆಳೆಯ ಸುದ್ದಿಯನ್ನು ಅವ್ವನಿಗೆ ಹೇಳಿ ಸಿಕ್ಕಿಬಿದ್ದಿದ್ದೆ.

"ಗಾಂಜಾ ಅಲ್ಲ ಕಣವ್ವ, ಹೆಂಪ್ ಅಂತ. ನಾರಿನ ಗಿಡ."

"ನಮ್ಮ ಅಪ್ಸೆಣಬಿನ ಥರದ್ದಾ?"

"ಹೂಂ, ಅದೇ" ಅಂದುಬಿಟ್ಟೆ. ಅದು ತಪ್ಪು ಉತ್ತರ. ಅಪ್ಪ ನಾಟಿಗೆ ಮುಂಚೆ ಗದ್ದೆಗೆ ಚೆಲ್ಲಿ, ಹಳದಿ ಹೂ ಕಾಣಿಸಿಕೊಳ್ಳುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುತ್ತಿದ್ದ ಅಪ್ಸೆಣಬು ಹುರುಳಿ, ಅವರೆಗಳ ಬಳಗದ್ದು. ಇಂಗ್ಲಿಷಿನವರು ಅದನ್ನು 'ಸನ್ ಹೆಂಪ್' ಎಂದರು. ಉತ್ತರ ಕರ್ನಾಟಕದ ಪುಂಡಿಯನ್ನು 'ಡೆಕ್ಕನ್ ಹೆಂಪ್' ಎಂದರು, ಬಾಳೆಯ ಬಳಗದ ಅಬಾಕಾವನ್ನು 'ಮನಿಲಾ ಹೆಂಪ್' ಎಂದರು. ಗಟ್ಟಿ ನಾರು ಕೊಟ್ಟಿದ್ದಕ್ಕೆಲ್ಲ ಅದೇ ಹೆಸರು. ಆದರೆ ನಿಜವಾದ ಹೆಂಪ್ ಗಿಡ ಕ್ಯಾನಬಿಸ್, ಅಂದರೆ ಗಾಂಜಾದ ಜಾತಿಯೇ. ಮತ್ತು ತರಿಸುವ ಟಿಎಚ್‌ಸಿ ಎಂಬ ಅಂಶ ಅದರಲ್ಲಿ ತೀರ ಕಡಿಮೆ, ಅಷ್ಟೇ ವ್ಯತ್ಯಾಸ. 2018ರ ಡಿಸೆಂಬರಿನಲ್ಲಿ ಬಂದ ಅಮೆರಿಕದ ಕೃಷಿ ಕಾಯಿದೆಯ ಪ್ರಕಾರ, ಒಣಗಿದ ಗಿಡದ ತೂಕದಲ್ಲಿ ಅದು ಶೇ. 0.3 ಮೀರದಿದ್ದರೆ ಹೆಂಪ್, ಮೀರಿದರೆ ಮಾರಿವಾನಾ. ನನ್ನ ಉತ್ತರಕ್ಕಿಂತ ಅವ್ವನ ಅನುಮಾನವೇ ಸತ್ಯಕ್ಕೆ ಹತ್ತಿರವಿತ್ತು.

ಆ ದಶಮಾಂಶ ಬಿಂದುವಿನ ಬೆಲೆ ನಮ್ಮಂಥ ಲೆಕ್ಕಿಗರಿಗೆ ಚೆನ್ನಾಗಿ ಗೊತ್ತು. ಅಮೆರಿಕದ ಆದಾಯ ತೆರಿಗೆ ಕಾಯಿದೆಯಲ್ಲಿ 280ಇ ಎಂಬ ಕಲಮು ಇದೆ. 1982ರಲ್ಲಿ ಸೇರಿಸಿದ್ದು. ಅತಿ ಕಠಿಣವಾಗಿ ನಿಷೇಧಿಸಿದ ಮಾದಕ ವಸ್ತು ಮಾರುವವನು ಮಾಲಿನ ಅಸಲನ್ನು ಮಾತ್ರ ಕಳೆಯಬಹುದು. ಅಂಗಡಿ ಬಾಡಿಗೆ, ಸಂಬಳ ಯಾವುದನ್ನೂ ಖರ್ಚೆಂದು ತೋರಿಸುವಂತಿಲ್ಲ. ಬಿಂದುವಿನ ಈಚೆಗಿದ್ದ ರೈತನಿಗೆ ಮಾತ್ರ ಈ ಕಾಟವಿಲ್ಲ.

ನನ್ನ ಮುಂದೆ ಕೂತಿದ್ದ ಕಕ್ಷಿದಾರ ಅಂಥವನು. ಅರವತ್ತು ದಾಟಿದ ಮನುಷ್ಯ, ಮೂರು ತಲೆಮಾರಿನ ಹೊಗೆಸೊಪ್ಪಿನ ಕುಟುಂಬ. 2004ರಲ್ಲಿ ಸರಕಾರ ಹೊಗೆಸೊಪ್ಪಿನ ಕೋಟಾ ಪದ್ಧತಿಯನ್ನು ತೆಗೆದು ಹಾಕಿದ ಮೇಲೆ ಆ ಬೆಳೆ ಅವನ ಕೈಬಿಡುತ್ತ ಬಂದಿತ್ತು. ಹೆಂಪ್ ಅವನಿಗೆ ಹೊಸದೂ ಅಲ್ಲ. ಮನೆಯ ಗೋಡೆಯ ಮೇಲೆ 1943ರ ಫೋಟೋ ಇತ್ತು: ಆಳೆತ್ತರ ಮೀರಿದ ಹೆಂಪ್ ಗಿಡಗಳ ನಡುವೆ ನಿಂತ ಅವನ ಅಜ್ಜ.

ಆ ಫೋಟೋದ ಹಿಂದೆ ದೊಡ್ಡ ಕಥೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಹೆಂಪ್ ಎಂದರೆ ಕೆಂಟಕಿ. ಹತ್ತಿ ಬೇಲಿಗೆ ಸುತ್ತುವ ಗೋಣಿತಟ್ಟು, ಬಿಗಿಯುವ ಹಗ್ಗ ಎಲ್ಲ ಇಲ್ಲಿಂದಲೇ ದಕ್ಷಿಣದ ರಾಜ್ಯಗಳಿಗೆ ಹೋಗುತ್ತಿತ್ತು. ಗಿಡವನ್ನು ಕೊಯ್ದು, ಇಬ್ಬನಿಯಲ್ಲಿ ಕೊಳೆಯಲು ಬಿಟ್ಟು, ಚಳಿಗಾಲದಲ್ಲಿ ಮರದ ಯಂತ್ರದಲ್ಲಿ ಕಾಂಡ ಮುರಿದು ನಾರು ತೆಗೆಯುತ್ತಿದ್ದವರು ಕರಿಯ ಗುಲಾಮರು. ಲೆಕ್ಸಿಂಗ್ಟನ್ನಿನಲ್ಲಿ ರಾಜಕಾರಣಿ ಹೆನ್ರಿ ಕ್ಲೇಯ ಆಶ್‌ಲ್ಯಾಂಡ್ ಎಸ್ಟೇಟನ್ನು ಇಂದಿಗೂ ನೋಡಬಹುದು. ಹೆಂಪ್ ಬೆಳೆಗಾರನಾಗಿದ್ದ ಆತ ವಿದೇಶಿ ನಾರಿನ ಮೇಲೆ ಆಮದು ಸುಂಕ ಬೇಕೆಂದು ವಾದಿಸಿದವನು. ಆಮೇಲೆ ಗುಲಾಮಗಿರಿ ಹೋಯಿತು, ಬಂಗಾಳದ ಅಗ್ಗದ ಸೆಣಬು ಬಂತು, ಕೆಂಟಕಿಯ ಗೋಣಿತಟ್ಟಿಗೆ ಗಿರಾಕಿ ಕಡಿಮೆಯಾದರು.

1937ರಲ್ಲಿ ಮಾರಿವಾನಾ ತೆರಿಗೆ ಕಾಯಿದೆ ಬಂತು. ನೋಂದಾಯಿಸಿಕೊಂಡವರಿಗೆ ಮಾರಿದರೆ ಔನ್ಸಿಗೆ 1 ಡಾಲರ್ ತೆರಿಗೆ, ನೋಂದಾಯಿಸದವರಿಗೆ ಮಾರಿದರೆ 100 ಡಾಲರ್. ಬಲಿತ ಕಾಂಡಕ್ಕೂ ನಾರಿಗೂ ವಿನಾಯಿತಿ ಇತ್ತು. ಆದರೆ ಎಲೆ, ಹೂವಿಲ್ಲದೆ ಕಾಂಡ ಮಾತ್ರ ಬೆಳೆಯುವುದು ಹೇಗೆ? ಅಳಿದುಳಿದ ರೈತರೂ ಹಿಂದೆ ಸರಿದರು. ಐದೇ ವರ್ಷದಲ್ಲಿ ಜಪಾನ್ ಫಿಲಿಪ್ಪೀನ್ಸನ್ನು ಹಿಡಿದು ಮನಿಲಾ ನಾರು ನಿಂತಾಗ, ಅದೇ ಸರಕಾರ 'ಹೆಂಪ್ ಫಾರ್ ವಿಕ್ಟರಿ' ಎಂಬ ಚಿತ್ರ ತೆಗೆದು, ಬೆಳೆಯಿರಿ ಎಂದು ರೈತರನ್ನು ಕೇಳಿತು. ಕೆಂಟಕಿಯವರು ಬೀಜಕ್ಕಾಗಿ ಬೆಳೆದರು. ಫೋಟೋದಲ್ಲಿರುವ ಅಜ್ಜ ಆಗಿನವನು. ಯುದ್ಧ ಮುಗಿದ ಮೇಲೆ ಬೇಡಿಕೆಯೂ ಮುಗಿಯಿತು. 1970ರ ಕಾಯಿದೆಯಲ್ಲಿ ಗಿಡ ಹೆರಾಯಿನ್ ಜೊತೆ ಒಂದೇ ಪಟ್ಟಿಗೆ ಸೇರಿತು.

ಇದರ ಉಪಯೋಗಗಳೇನು ಕಡಿಮೆಯೇ? ನಾರಿನಿಂದ ಹಗ್ಗ, ಬಟ್ಟೆ, ಹಾಯಿ. 'ಕ್ಯಾನ್ವಾಸ್' ಎಂಬ ಮಾತು ಹುಟ್ಟಿದ್ದೇ ಕ್ಯಾನಬಿಸ್‌ನಿಂದ. ನಾರು ತೆಗೆದ ಮೇಲೆ ಉಳಿಯುವ ಬೆಂಡನ್ನು ಕುದುರೆ ಲಾಯದಲ್ಲಿ ಹಾಸುತ್ತಾರೆ. ಸುಣ್ಣದ ಜೊತೆ ಕಲಸಿ ಗೋಡೆ ತುಂಬುತ್ತಾರೆ, ಅದು ಭಾರ ಹೊರದು, ಆದರೆ ಸೆಕೆ, ಚಳಿ ತಡೆಯುತ್ತದೆ. ಬೀಜದಲ್ಲಿ ಒಳ್ಳೆಯ ಎಣ್ಣೆ, ಪ್ರೋಟೀನ್ ಇದೆ. ಭಾರತದಲ್ಲೂ 2021ರಿಂದ ಹೆಂಪ್ ಬೀಜ, ಎಣ್ಣೆ, ಹಿಟ್ಟಿಗೆ ಆಹಾರವೆಂಬ ಮಾನ್ಯತೆ ಸಿಕ್ಕಿದೆ.

ಆದರೆ 2019ರಲ್ಲಿ ಇಲ್ಲಿ ಯಾರಿಗೂ ನಾರು ಬೇಕಿರಲಿಲ್ಲ. ಎಲ್ಲರ ಕಣ್ಣು ಹೂವಿನಿಂದ ತೆಗೆಯುವ ಸಿಬಿಡಿ ಎಂಬ ಮತ್ತಿಲ್ಲದ ಎಣ್ಣೆಯ ಮೇಲೆ. ಮಕ್ಕಳ ತೀವ್ರ ಮೂರ್ಛೆರೋಗಕ್ಕೆ ಅದರಿಂದ ಮಾಡಿದ ಎಪಿಡಿಯೋಲೆಕ್ಸ್ ಎಂಬ ಔಷಧಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ. ಅಂಗಡಿಗಳಲ್ಲಿ ಮಾತ್ರ ನಿದ್ದೆಗೆ, ಮಂಡಿನೋವಿಗೆ, ನಾಯಿಯ ಹೆದರಿಕೆಗೆ, ಎಲ್ಲಕ್ಕೂ ಅದೇ ಎಣ್ಣೆ. ಸಂತೆಯಲ್ಲಿ ಹಾವು ತೋರಿಸಿ ತೈಲ ಮಾರುವವನು ನೆನಪಾಗುತ್ತಿದ್ದ.

ನೆನಪಾಗಿದ್ದರೂ ನಾನು ಎಚ್ಚರವಾಗಲಿಲ್ಲ. ಹತ್ತು ಎಕರೆಗೆ ಬ್ಯಾಂಕ್ ಸಾಲ ಬೇಕಿತ್ತು, ಅಂದಾಜು ಪಟ್ಟಿ ತಯಾರಿಸಿದವನು ನಾನು. ಒಂದೊಂದು ಸಸಿಗೆ ಸುಮಾರು ಒಂದು ಡಾಲರ್, ಕೂಲಿ, ಒಣಗಿಸುವ ಖರ್ಚು ಎಲ್ಲ ಬರೆದೆ. ಇಳುವರಿ ಇಳಿದರೆ ಎಷ್ಟು, ಬೆಲೆ ಅರ್ಧವಾದರೆ ಎಷ್ಟು, ಅದನ್ನೂ ಬರೆದೆ. ಕೊಳ್ಳುವ ಕಂಪನಿಯ ಕರಾರು ಪತ್ರ ಕೈಯಲ್ಲಿತ್ತು. ಕಂಪನಿಯೇ ಇಲ್ಲದಿದ್ದರೆ ಎಂಬ ಸಾಲು ಮಾತ್ರ ಬರೆಯಲಿಲ್ಲ. ವಸೂಲಾಗದ ಸಾಲಕ್ಕೆ ಮೊದಲೇ ಮೀಸಲಿಡು, ಬಾರದ ಲಾಭವನ್ನು ಎಣಿಸಬೇಡ ಎಂಬುದು ಬಿ.ಕಾಂ. ಮೊದಲ ವರ್ಷದ ಪಾಠ.

ಬೆಳೆ ಚೆನ್ನಾಗಿಯೇ ಬಂತು, ಪರೀಕ್ಷೆಯಲ್ಲೂ 0.3ರ ಒಳಗೇ ಇತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸಲು ಬ್ಯಾರನ್ ಇರುತ್ತದಲ್ಲ, ಇಲ್ಲಿಯದು ಬೆಂಕಿಯಿಲ್ಲದೆ ಗಾಳಿಯಲ್ಲೇ ಒಣಗಿಸುವಂಥದ್ದು; ಅದರ ತುಂಬ ಗಿಡಗಳನ್ನು ನೇತುಹಾಕಿದ. ಅಷ್ಟರಲ್ಲಿ ದೇಶದ ತುಂಬ ಎಲ್ಲರೂ ಅದನ್ನೇ ಬೆಳೆದಿದ್ದರು. ಬೆಲೆ ಕುಸಿಯಿತು, ಕಂಪನಿ ದಿವಾಳಿಯಾಯಿತು. ಸಾಲ ತೀರಿಸಲು ಅವನು ಅಜ್ಜನ ಕಾಲದ ನಲವತ್ತು ಎಕರೆ ಮಾರಿದ.

ಮುಂದಿನ ವರ್ಷ ತೆರಿಗೆ ಲೆಕ್ಕಕ್ಕೆ ಬಂದಾಗ ಮೆಲ್ಲಗೆ ಕೇಳಿದ: "ಬ್ಯಾರನ್‌ನಲ್ಲಿ ಬಿದ್ದಿದೆಯಲ್ಲ, ಅದನ್ನು ನಷ್ಟ ಅಂತ ತೋರಿಸಬಹುದಾ?" ಆಗುವುದಿಲ್ಲ ಎಂದೆ. ನಗದು ಪದ್ಧತಿಯಲ್ಲಿ ಖರ್ಚನ್ನೆಲ್ಲ ಆಗಲೇ ಕಳೆದಾಗಿತ್ತು. ಪುಸ್ತಕದ ಪ್ರಕಾರ ಆ ರಾಶಿಯ ಬೆಲೆ ಸೊನ್ನೆ. ಅವನು ತಲೆಯಾಡಿಸಿದ, ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಂಪನಿ ಮುಳುಗಿದರೆ ಎಂದು ನಾನು ಯೋಚಿಸಬೇಕಿತ್ತು, ತಪ್ಪಾಯಿತು" ಎಂದೆ. "ಸಹಿ ಹಾಕಿದ್ದು ನಾನು" ಎಂದ.

ಆ ವಸಂತದಲ್ಲಿ ಅವನು ಒಣಗಿದ ಹೆಂಪನ್ನೆಲ್ಲ ಪುಡಿಮಾಡಿ ಉಳಿದ ಹೊಲಕ್ಕೆ ಎರಚಿ ಉತ್ತ. ನೋಡಲು ಹೋಗಿದ್ದೆ. ಅಪ್ಪನ ಅಪ್ಸೆಣಬಿನ ವಿಷಯ ಹೇಳಿದೆ: ಮಾರಲಿಕ್ಕಲ್ಲ, ಮಣ್ಣಿಗೆ ಹಾಕಲೆಂದೇ ಬೆಳೆಯುವ ಬೆಳೆ. ಅವನು ಟ್ರಾಕ್ಟರ್ ನಿಲ್ಲಿಸಿ ಕೇಳಿಸಿಕೊಂಡ. "ನಿಮ್ಮಪ್ಪನಿಗೆ ಅಕೌಂಟೆಂಟ್ ಇರಲಿಲ್ಲ ಅಂತ ಕಾಣುತ್ತೆ" ಎಂದು ನಕ್ಕ.

ಈಗಲೂ ಆ ಹೊಲದ ಲೆಕ್ಕ ನಾನೇ ಬರೆಯುವುದು. ಯಾವ ಅಂದಾಜು ಪಟ್ಟಿ ಮಾಡಿದರೂ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಕೊಳ್ಳುವವನು ಬಾರದಿದ್ದರೆ. ಅವ್ವನಿಗೆ ಅವನ ಕಥೆಯೆಲ್ಲ ಗೊತ್ತು. ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ, "ಆ ಗಾಂಜಾ ಗೌಡ ಹೆಂಗವ್ನೆ ಮಗ?"

ಗಾಂಜಾ ಅಲ್ಲ ಎಂದು ತಿದ್ದುವುದನ್ನು ಬಿಟ್ಟಿದ್ದೇನೆ. "ಚೆನ್ನಾಗವ್ನೆ ಕಣವ್ವ, ಈ ಸಲ ಜೋಳ ಹಾಕವ್ನೆ" ಅನ್ನುತ್ತೇನೆ.